ಇಳಿಜಾರಿನಲ್ಲಿ ಮಾತ್ರ

ಎಂಬತ್ತಾರನೇ ಇಸವಿ, ದೀಪಾವಳಿ ಕಳೆದು ವಾರವಾಗಿತ್ತು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಂಚಿನ ತನ್ನ ತಗಡಿನ ಗ್ಯಾರೇಜಿನಲ್ಲಿ ಕ್ಯಾತಪ್ಪ ಲಾರಿಯೊಂದರ ಗೇರ್‌ಬಾಕ್ಸ್ ಬಿಚ್ಚಿಕೊಂಡು ಕೂತಿದ್ದಾಗ ಡಾಕ್ಟರ ಹೆಂಡತಿ ಜಗದಾಂಬ ಕಾರು ತಂದು ನಿಲ್ಲಿಸಿದರು. ಪಕ್ಕದ ಸೀಟಿನಲ್ಲಿ ಅವರ ಗಂಡನ ಅಕ್ಕ ದಾಕ್ಷಾಯಣಮ್ಮ ಎಲೆಅಡಿಕೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು.

ಆ ಕಾರನ್ನು ಊರಿನಲ್ಲಿ ಗುರುತಿಸದವರಿರಲಿಲ್ಲ. ಡಾಕ್ಟರ್ ಚಂದ್ರಶೇಖರಯ್ಯನವರು ಅದನ್ನು ಬುಕ್ ಮಾಡಿ ಎರಡು ವರ್ಷ ಕಾದಿದ್ದರು. ಕ್ಲಿನಿಕ್ಕಿಗೆ ಬಂದ ರೋಗಿಗಳಿಗೂ ಅದರ ಪಟ ತೋರಿಸುತ್ತಿದ್ದರು. ಕಾರು ಬರುವ ಮೊದಲೇ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಮನೆಯ ಹೊಸ್ತಿಲ ಮೇಲೆ ಕುಸಿದವರು ಮತ್ತೆ ಏಳಲಿಲ್ಲ. ಅವರು ಹೋದ ಎಂಟನೇ ತಿಂಗಳಿಗೆ, ನಿಮ್ಮ ಗಾಡಿ ಬಂದಿದೆ, ಬಿಡಿಸಿಕೊಳ್ಳಿ ಎಂದು ಕಾಗದ ಬಂತು. ಮಾರಿಬಿಡಿ ಎಂದರು ಎಲ್ಲರೂ. ಬಟ್ಟೆ ಅಂಗಡಿ ಇಟ್ಟಿದ್ದ ಡಾಕ್ಟರ ತಮ್ಮ ನಾಗಲಿಂಗಯ್ಯನವರು ಗಿರಾಕಿಯನ್ನೂ ಗೊತ್ತುಮಾಡಿದ್ದರು. ಒಪ್ಪದವರು ದಾಕ್ಷಾಯಣಮ್ಮ ಒಬ್ಬರೇ.

"ಅವನು ಆಸೆಪಟ್ಟು ಬರೆಸಿದ್ದು. ಮನೆಗೆ ಬರಲಿ. ಓಡಿಸೋದು ನೀನು ಕಲಿ ಜಗದಾಂಬ. ಪಕ್ಕದಲ್ಲಿ ನಾನು ಕೂತಿರ್ತೀನಿ" ಎಂದಿದ್ದರಂತೆ.

ಹಾಗೇ ಆಯಿತು. ನಲವತ್ತು ದಾಟಿದ ಹೆಂಗಸು ಹೈಸ್ಕೂಲ್ ಮೈದಾನದಲ್ಲಿ ಕಾರು ಕಲಿಯುವುದನ್ನು ನೋಡಲು ಜನ ಕಾಂಪೌಂಡಿನ ಮೇಲೆ ಕೂರುತ್ತಿದ್ದರು. ಕಾರು ಕುಲುಕಿ ನಿಂತಾಗಲೆಲ್ಲ ನಗುತ್ತಿದ್ದರು. ಅರವತ್ತರ ದಾಕ್ಷಾಯಣಮ್ಮ ಅತ್ತ ತಿರುಗಿಯೂ ನೋಡದೆ, "ಮತ್ತೆ ಸ್ಟಾರ್ಟ್ ಮಾಡು" ಎನ್ನುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದ ಅವರಿಗೆ ಆ ಮನೆಯೇ ಲೋಕ. ಈಗ ಆ ಮನೆಯಲ್ಲಿ ಉಳಿದಿದ್ದವರು ಇವರಿಬ್ಬರೇ, ಮಕ್ಕಳಿರಲಿಲ್ಲ. ಪಾವಗಡದಾಚೆ ಬಲಸಮುದ್ರದಲ್ಲಿ ಹಿರಿಯರ ಜಮೀನಿತ್ತು. ಓಬಳಯ್ಯ ಎಂಬವನು ಅದನ್ನು ನೋಡಿಕೊಳ್ಳುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಕಾರಿನಲ್ಲಿ ಅಲ್ಲಿಗೆ ಹೋಗಿ ಸಂಜೆಯೊಳಗೆ ಮರಳುತ್ತಿದ್ದರು.

"ಕ್ಯಾತಪ್ಪ, ಒಂದು ಕೆಂಪು ದೀಪ ಹತ್ತುತ್ತೆ ಕಣಪ್ಪ, ಬ್ರೇಕ್ ಅಂತ ಬರೆದಿದೆ ಅದರ ಮೇಲೆ" ಎಂದರು ಜಗದಾಂಬ. "ಮಿಡಿಗೇಶಿ ಹತ್ತಿರ ಇಳಿಜಾರು ಇದೆಯಲ್ಲ, ಅಲ್ಲಿ ಹತ್ತಿತು. ಮಟ್ಟಸ ಜಾಗಕ್ಕೆ ಬಂದ ಮೇಲೆ ಆರಿಹೋಯ್ತು."

ಕ್ಯಾತಪ್ಪ ಕೈ ಒರೆಸಿಕೊಂಡು ಬಂದ. ಅವನು ಸಿರಾ ತಾಲ್ಲೂಕಿನ ತಾವರೆಕೆರೆ ಕಡೆಯ ಗೊಲ್ಲರಹಟ್ಟಿಯವನು. ಅಪ್ಪ ಜುಂಜಪ್ಪನ ಕುರಿಹಿಂಡು ಬಿಟ್ಟು ಹದಿನೇಳನೇ ವಯಸ್ಸಿಗೆ ಸಿರಾ ಪೇಟೆಗೆ ಬಂದು, ಒಬ್ಬ ಸಾಹೇಬರ ಕೈಕೆಳಗೆ ಮೆಕ್ಯಾನಿಕ್ ಕೆಲಸ ಕಲಿತಿದ್ದ. ಮಧುಗಿರಿಯಲ್ಲಿ ಸ್ವಂತ ಗ್ಯಾರೇಜು ಹಾಕಿ ಹನ್ನೆರಡು ವರ್ಷವಾಗಿತ್ತು. ಇಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವು ಕೆಟ್ಟಿದೆ ಎಂದು ಹೇಳುತ್ತಾನೆ ಎಂಬ ಹೆಸರು ಪಾವಗಡ, ಕೊರಟಗೆರೆಯವರೆಗೂ ಹಬ್ಬಿತ್ತು. ಆ ಹೆಸರಿನ ಮೇಲೆ ಅವನಿಗೂ ಅಭಿಮಾನವಿತ್ತು. ಅವನು ಕೈಯಾಡಿಸಿದ ಹಳೆಯ ಕಾರುಗಳಲ್ಲಿ ಇಂಥ ದೀಪಗಳೇ ಇರಲಿಲ್ಲ. ದೀಪ ನೋಡಿಕೊಂಡು ರಿಪೇರಿ ಮಾಡುವುದು ಎಂದರೆ ಅವನಿಗೆ ಒಳಗೊಳಗೇ ತಾತ್ಸಾರ.

ಅವನು ಹ್ಯಾಂಡ್ ಬ್ರೇಕ್ ಎಳೆದ. ದೀಪ ಹತ್ತಿತು. ಇಳಿಸಿದ. ಆರಿತು. ರಸ್ತೆಯ ಮೇಲೆ ಒಂದು ಸುತ್ತು ಓಡಿಸಿಕೊಂಡು ಬಂದ. ದೀಪ ಹತ್ತಲಿಲ್ಲ.

"ಏನೂ ಆಗಿಲ್ಲ ಅಮ್ಮಾವ್ರೆ. ಹ್ಯಾಂಡ್ ಬ್ರೇಕಿನ ಬುಡದಾಗೆ ಒಂದು ಸ್ವಿಚ್ಚೈತೆ. ನೀವು ಲಿವರ್ ಪೂರ್ತಿ ಇಳಿಸಿರಾಕಿಲ್ಲ, ಗಾಡಿ ಕುಲುಕಿದಾಗ ಅದು ತಾಕ್ತೈತೆ, ದೀಪ ಹತ್ತತೈತೆ. ಅಷ್ಟೇಯ."

"ಇಳಿಸದೆ ಒಂದು ದಿನಾನೂ ಗಾಡಿ ಎತ್ತಿಲ್ಲ ಕಣಪ್ಪ ಅವಳು" ಎಂದರು ದಾಕ್ಷಾಯಣಮ್ಮ ಒಳಗಿನಿಂದಲೇ. "ನಾನು ಪಕ್ಕದಲ್ಲಿ ಕೂತು ನೋಡ್ತಿರ್ತೀನಲ್ಲ."

ಕ್ಯಾತಪ್ಪ ನಕ್ಕ. ಹೆಂಗಸರು ಗಾಡಿ ಓಡಿಸಿದರೆ ಹ್ಯಾಂಡ್ ಬ್ರೇಕ್ ಎಳೆದುಕೊಂಡೇ ಓಡಿಸುತ್ತಾರೆ ಎಂದು ಡ್ರೈವರುಗಳು ಆಡಿಕೊಳ್ಳುವ ಮಾತು ಅವನ ತಲೆಯಲ್ಲೂ ಇತ್ತು. ಲಿವರಿನ ಬುಡದ ಸ್ವಿಚ್ಚನ್ನು ಬಿಗಿಮಾಡಿ ಕಳಿಸಿಕೊಟ್ಟ.

ಹದಿನೈದು ದಿನ ಬಿಟ್ಟು ಅವರು ಮತ್ತೆ ಬಂದರು. ಈ ಸಲ ಜಗದಾಂಬ ಕಾರಿನಿಂದ ಇಳಿದು ಅವನೆದುರು ನಿಂತು, ಪಾಠ ಒಪ್ಪಿಸುವವರ ಹಾಗೆ ಒಂದೊಂದಾಗಿ ಹೇಳಿದರು.

"ನಾನು ಗಮನ ಇಟ್ಟು ನೋಡಿದೆ. ಇಳಿಜಾರಿನಲ್ಲಿ ಮಾತ್ರ ಹತ್ತುತ್ತೆ. ಅದೂ ಬ್ರೇಕ್ ಒತ್ತಿದಾಗ. ಏರಿನಲ್ಲಿ ಹತ್ತೋದಿಲ್ಲ. ಹೋದ ಸಲ ಒಂದು ಕ್ಷಣ ಇತ್ತು, ಈ ಸಲ ಇಳಿಜಾರು ಮುಗಿಯೋವರೆಗೂ ಇತ್ತು. ಹ್ಯಾಂಡ್ ಬ್ರೇಕ್ ಕೆಳಗೇ ಇತ್ತು, ಕೈಯಿಟ್ಟು ನೋಡಿದೆ."

ಕ್ಯಾತಪ್ಪ ಬಾನೆಟ್ ಎತ್ತಿದ. ಬ್ರೇಕ್ ಆಯಿಲ್ ಇರುವ ಪ್ಲಾಸ್ಟಿಕ್ ಡಬ್ಬಿಯ ಮೇಲೆ ಧೂಳು ಕೂತಿತ್ತು. ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಕನಿಷ್ಠ ಮಟ್ಟ ತೋರಿಸುವ ಕೆಳಗಿನ ಗೆರೆಗಿಂತ ಕೂದಲೆಳೆಯಷ್ಟು ಮೇಲೆ ಎಣ್ಣೆ ಇತ್ತು. ಒಳಗೆ ಕೂತು ಪೆಡಲ್ ಒತ್ತಿದ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಎಣ್ಣೆ ಗೆರೆಗಿಂತ ಮ್ಯಾಲೈತೆ. ಬ್ರೇಕೂ ಗಟ್ಟಿಯಾಗೈತೆ. ಹೆದರ್ಕಾಬ್ಯಾಡಿ."

"ಎಣ್ಣೆ ಮೊದಲು ಎಲ್ಲಿವರೆಗೆ ಇತ್ತು?"

"ಅದ್ಯಾರು ನೋಡವ್ರೆ ಅಮ್ಮಾವ್ರೆ!"

ಜಗದಾಂಬ ಇನ್ನೇನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಲಾರಿಯ ಡ್ರೈವರು ಆಚೆಯಿಂದ ಕೂಗಿದ, ಕ್ಯಾತಪ್ಪ ಎದ್ದು ಹೋದ. ಕಾರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಆಮೇಲೆ ಹೊರಟುಹೋಯಿತು.

ಮೂರನೇ ಸಲ ಬಂದಾಗ ಡಿಸೆಂಬರ್ ಹತ್ತಿರವಾಗಿತ್ತು. ಕಡಲೆಕಾಯಿ ಸುಗ್ಗಿ. ಗ್ಯಾರೇಜಿನ ಮುಂದೆ ನಾಲ್ಕು ಲಾರಿ, ಎರಡು ಟ್ರಾಕ್ಟರು ಸಾಲುಗಟ್ಟಿದ್ದವು. ಒಬ್ಬೊಬ್ಬರೂ ತನ್ನದೇ ಮೊದಲು ಆಗಬೇಕೆಂದು ಕ್ಯಾತಪ್ಪನ ಬೆನ್ನಿಗೆ ಬಿದ್ದಿದ್ದರು. ಅಂಥದರಲ್ಲಿ ಜಗದಾಂಬರ ಕಾರು ಬಂತು. ಹಿಂದಿನ ಸೀಟಿನಲ್ಲಿ ನಾಗಲಿಂಗಯ್ಯನವರೂ ಇದ್ದರು.

"ಅದೇನಾದ್ರೂ ಮಾಡಿ ಆ ದೀಪ ಆರಿಸಿಬಿಡಯ್ಯ ಮಾರಾಯ" ಎಂದರು ಅವರು. "ಇವರ ಮನೇಲಿ ಹಗಲೂ ರಾತ್ರಿ ಇದೇ ಗೋಳಾಗಿದೆ. ಗಾಡಿ ಸರಿಯಾಗಿದೆ ಅಂತ ನೀನೇ ಎರಡು ಸಲ ಹೇಳಿದೀಯಂತೆ. ಅತ್ತಿಗೆಗೆ ಸಮಾಧಾನ ಇಲ್ಲ."

ಜಗದಾಂಬರ ಮುಖ ಸಣ್ಣದಾಯಿತು. "ಈಗ ಸ್ವಲ್ಪ ಇಳಿಜಾರಿದ್ದರೂ ಹತ್ತುತ್ತೆ ಕ್ಯಾತಪ್ಪ" ಎಂದಷ್ಟೇ ಹೇಳಿದರು.

ಕ್ಯಾತಪ್ಪನಿಗೆ ಆ ಹೊತ್ತಿನಲ್ಲಿ ಚಕ್ರ ಬಿಚ್ಚಿ ನೋಡುವ ಪುರಸೊತ್ತಿರಲಿಲ್ಲ. ಸುಗ್ಗಿ ಮುಗಿಯಲಿ, ಆಮೇಲೆ ಕಾರು ತರಿಸಿಕೊಂಡು ನಿಧಾನವಾಗಿ ನೋಡೋಣ ಎಂದುಕೊಂಡ. ಬಾನೆಟ್ ಎತ್ತಿ, ಎಣ್ಣೆ ಡಬ್ಬಿಯ ಮುಚ್ಚಳದಿಂದ ದೀಪಕ್ಕೆ ಹೋಗುವ ವೈರನ್ನು ಕಿತ್ತು, ತುದಿಗೆ ಟೇಪು ಸುತ್ತಿ, ಕಾಣದ ಹಾಗೆ ಕೆಳಗೆ ತುರುಕಿದ. ಎರಡು ನಿಮಿಷದ ಕೆಲಸ.

"ಆಯ್ತು ಬುಡಿ. ಇನ್ನು ಹತ್ತಾಕಿಲ್ಲ."

"ಏನಾಗಿತ್ತು?"

"ವೈರು ಲೂಜಾಗಿತ್ತು ಅಮ್ಮಾವ್ರೆ. ಬಿಗಿ ಮಾಡಿದೀನಿ."

ಜಗದಾಂಬರ ಮುಖ ತಿಳಿಯಾದದ್ದನ್ನು ಅವನು ನೋಡಿದ. "ನೋಡಿದಿರಾ ಅತ್ತಿಗೆ, ಏನೋ ಇತ್ತು ಅಂತ ನಾನು ಹೇಳಲಿಲ್ವಾ?" ಎಂದು ಅವರು ದಾಕ್ಷಾಯಣಮ್ಮನ ಕಡೆ ತಿರುಗಿದರು. ದಾಕ್ಷಾಯಣಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ನಿನಗೆ ಪುಣ್ಯ ಬರ್ಲಪ್ಪ. ಈ ಸಲ ಬಲಸಮುದ್ರಕ್ಕೆ ಹೋದಾಗ ನಿನ್ನ ಹೆಂಡತಿ ಭೀಮಕ್ಕನಿಗೂ ಮಕ್ಕಳಿಗೂ ಹಸಿ ಕಡಲೆಕಾಯಿ ತರ್ತೀನಿ" ಎಂದರು.

ಇದಾಗಿ ಒಂಬತ್ತನೇ ದಿನ, ಸಂಜೆ ಐದರ ಹೊತ್ತಿಗೆ, ಪಾವಗಡದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರು ಗ್ಯಾರೇಜಿನ ಮುಂದೆ ಬಸ್ಸು ನಿಧಾನ ಮಾಡಿಸಿ ಸುದ್ದಿ ಹೇಳಿ ಹೋದ. ಮಿಡಿಗೇಶಿ ಇಳಿಜಾರಿನಲ್ಲಿ ಡಾಕ್ಟರಮ್ಮನ ಕಾರು ಮೋರಿಗೆ ಹೊಡೆದಿದೆ. ತಿರುವಿನಲ್ಲಿ ಕಡಲೆಕಾಯಿ ತುಂಬಿದ ಎತ್ತಿನಗಾಡಿ ಅಡ್ಡ ಬಂದಿತ್ತು. ಅದನ್ನು ತಪ್ಪಿಸಲು ಹೋಗಿ ಎಡಕ್ಕೆ ಎಳೆದಿದ್ದಾರೆ. ದೊಡ್ಡಮ್ಮ ದಾಕ್ಷಾಯಣಮ್ಮ ಕೂತಿದ್ದ ಕಡೆಯೇ ಮೋರಿಯ ಕಟ್ಟೆಗೆ ಬಡಿದಿದೆ.

ದಾಕ್ಷಾಯಣಮ್ಮ ಆಸ್ಪತ್ರೆ ಸೇರುವ ಮೊದಲೇ ತೀರಿಕೊಂಡರು. ಜಗದಾಂಬರ ಬಲಗೈ ಮುರಿದಿತ್ತು.

ಎರಡು ದಿನದ ಮೇಲೆ ಓಬಳಯ್ಯ ತನ್ನ ಟ್ರಾಕ್ಟರಿಗೆ ಕಾರನ್ನು ಕಟ್ಟಿಕೊಂಡು ಎಳೆದುತಂದ. ಸ್ಟೇಷನ್ನಿನಲ್ಲಿ ಜಾಗವಿಲ್ಲವೆಂದು ಪೊಲೀಸರು ಅದನ್ನು ಕ್ಯಾತಪ್ಪನ ಗ್ಯಾರೇಜಿನ ಹಿತ್ತಲಲ್ಲೇ ಇರಿಸಿದರು. ಎಡಗಡೆಯ ಮುಂಭಾಗ ಒಳಕ್ಕೆ ಮಡಚಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಬಾಯಿ ಕಟ್ಟಿದ ಒಂದು ಬಟ್ಟೆಯ ಚೀಲ, ಕೆಳಕ್ಕೂ ಉರುಳದೆ, ಇಟ್ಟಲ್ಲೇ ಕೂತಿತ್ತು. ಮುಟ್ಟಿದರೆ ಒಳಗೆ ಕಡಲೆಕಾಯಿ.

"ಅದು ಮೆಕ್ಯಾನಿಕ್ಕಿಗೆ ಅಂತ ದೊಡ್ಡಮ್ಮೋರೇ ಆರಿಸಿ ಕಟ್ಟಿಸಿದ್ರಪ್ಪ" ಎಂದ ಓಬಳಯ್ಯ. "ಏಮಿ ಚೇಸೇದಿ, ಏನ್ ಮಾಡೋದು. ನಗ್ತಾ ಹೊರಟೋರು."

ಕ್ಯಾತಪ್ಪ ಆ ಚೀಲವನ್ನು ಮುಟ್ಟಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

ಮಾರನೇ ದಿನ ತುಮಕೂರಿನಿಂದ ಬಂದ ಮೋಟಾರು ಇನ್ಸ್‌ಪೆಕ್ಟರು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಮುಂದಿನ ಎಡ ಚಕ್ರದ ಬ್ರೇಕ್ ಪೈಪು ಹೊಡೆತಕ್ಕೆ ತುಂಡಾಗಿತ್ತು. ಎಣ್ಣೆಯೆಲ್ಲ ಸೋರಿಹೋಗಿತ್ತು. ಕಾರು ನಿಧಾನವೇ ಆಗಲಿಲ್ಲ, ಹತ್ತಿರ ಬಂದಷ್ಟೂ ಜೋರಾಯಿತು ಎಂದು ಎತ್ತಿನಗಾಡಿಯವನು ಹೇಳಿಕೆ ಕೊಟ್ಟಿದ್ದ. ಇನ್ಸ್‌ಪೆಕ್ಟರು ನಿಂತಲ್ಲೇ ಬರೆದರು: ಅಪಘಾತಕ್ಕೆ ಮೊದಲು ವಾಹನದಲ್ಲಿ ದೋಷ ಕಂಡುಬಂದಿಲ್ಲ, ಚಾಲಕಿ ಗಾಬರಿಯಲ್ಲಿ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿರುವ ಸಂಭವವಿದೆ.

ಅವರು ಹೋದ ಮೇಲೆ ಕ್ಯಾತಪ್ಪ ಹಿತ್ತಲಿನ ಬಾಗಿಲು ಹಾಕಿಕೊಂಡು ಜ್ಯಾಕ್ ಕೊಟ್ಟ. ಮುಂದಿನ ಚಕ್ರಗಳನ್ನು ಬಿಟ್ಟು ಹಿಂದಿನವನ್ನು ಬಿಚ್ಚಿದ. ಬಲಗಡೆಯದು ಒಣಗಿತ್ತು. ಎಡಗಡೆಯ ಡ್ರಮ್ಮನ್ನು ಸುತ್ತಿಗೆಯಿಂದ ತಟ್ಟಿ ಎಳೆದ ಕೂಡಲೇ ಬ್ರೇಕ್ ಆಯಿಲ್ಲಿನ ಘಾಟು ಮೂಗಿಗೆ ಬಡಿಯಿತು. ಒಳಗೆಲ್ಲ ಎಣ್ಣೆಯಲ್ಲಿ ಕಲಸಿದ ಧೂಳು ಬೆಣ್ಣೆ ಮೆತ್ತಿದ ಹಾಗೆ ಮೆತ್ತಿಕೊಂಡಿತ್ತು. ಬೆರಳಿನಿಂದ ಕೆರೆದು ನೋಡಿದ. ಪದರ ಪದರವಾಗಿತ್ತು. ಎರಡು ದಿನದಲ್ಲಿ ಕಟ್ಟಿಕೊಳ್ಳುವಂಥದ್ದಲ್ಲ ಅದು, ತಿಂಗಳಿಗೂ ಮೇಲಿನದು. ಮಳೆಗಾಲದಲ್ಲಿ ಹಳ್ಳ ದಾಟುವಾಗ ಯಾವಾಗಲೋ ಒಳಗೆ ಕೆಸರು ನುಗ್ಗಿ, ಎಣ್ಣೆ ತಡೆಯುವ ರಬ್ಬರ್ ವಾಷರು ತಿಂದುಹೋಗಿತ್ತು. ಬ್ರೇಕ್ ಒತ್ತಿದಾಗಲೆಲ್ಲ ಒಂದಿಷ್ಟು ಎಣ್ಣೆ ಅಲ್ಲಿಂದ ಜಿನುಗುತ್ತಿತ್ತು. ಕಡೆಗೆ ಅದು ಪೂರ್ತಿ ಬಾಯಿಬಿಟ್ಟದ್ದು ಆ ಇಳಿಜಾರಿನಲ್ಲಿ.

ಅವನು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ. ಈಗ ಎಲ್ಲವೂ ಬಿಡಿಸಿಟ್ಟ ಹಾಗೆ ಕಾಣುತ್ತಿತ್ತು. ಎಣ್ಣೆ ಗೆರೆಯ ಹತ್ತಿರ ಬಂದು ನಿಂತಿತ್ತು. ಮಟ್ಟಸ ನೆಲದಲ್ಲಿ ನೋಡಿದರೆ ಸಾಕಷ್ಟಿದೆ ಎನ್ನಿಸುತ್ತಿತ್ತು. ಕಾರು ಮೂತಿ ಕೆಳಗೆ ಮಾಡಿ ಇಳಿಯುವಾಗ, ಅದರಲ್ಲೂ ಬ್ರೇಕ್ ಒತ್ತಿದಾಗ, ಎಣ್ಣೆ ಮುಂದಕ್ಕೆ ನುಗ್ಗಿ ಡಬ್ಬಿಯೊಳಗಿನ ತೇಲುಬೆಂಡು ಕೆಳಗೆ ಕೂರುತ್ತಿತ್ತು. ಅದು ಕೂತರೆ ದೀಪ. ಇಳಿಜಾರಿನಲ್ಲಿ ಮಾತ್ರ, ಬ್ರೇಕ್ ಒತ್ತಿದಾಗ ಮಾತ್ರ, ದಿನ ಕಳೆದಷ್ಟೂ ಹೆಚ್ಚು ಹೊತ್ತು. ಜಗದಾಂಬ ಒಂದಕ್ಷರ ಬಿಡದೆ ಹೇಳಿದ್ದರು. ಮುಚ್ಚಿದ ಪೈಪಿನೊಳಗಿನ ಎಣ್ಣೆ ತಾನಾಗಿ ಕಮ್ಮಿಯಾಗುವುದಿಲ್ಲ, ಕಮ್ಮಿಯಾಗಿದೆ ಎಂದರೆ ಎಲ್ಲೋ ಹೋಗುತ್ತಿದೆ ಎಂದೇ ಅರ್ಥ. ಅದು ಕೆಲಸ ಕಲಿತ ಮೊದಲ ವರ್ಷವೇ ಅವನಿಗೆ ಗೊತ್ತಿದ್ದ ಸಂಗತಿ. ಎಣ್ಣೆ ಮೊದಲು ಎಲ್ಲಿವರೆಗೆ ಇತ್ತು ಎಂದು ಅವರು ಕೇಳಿದ್ದರು. ಮೆಕ್ಯಾನಿಕ್ ಕೇಳಬೇಕಾದ ಪ್ರಶ್ನೆಯನ್ನು ಅವರೇ ಕೇಳಿದ್ದರು, ಅವನು ನಗೆಯಾಡಿ ಎದ್ದುಹೋಗಿದ್ದ.

ಮನೆಗೆ ಹೋಗಿ ಹೆಂಡತಿ ಭೀಮಕ್ಕನಿಗೆ ಹೇಳಿದ. ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಯಾರ್ತಾವಾದ್ರೂ ಅಂದಿದೀಯಾ?"

"ಇಲ್ಲ."

"ಅನ್ಬ್ಯಾಡ. ಸತ್ತೋರು ನೀನು ಅಂದೇಟ್ಗೆ ಎದ್ದು ಬತ್ತಾರಾ? ಮೂರು ಮಕ್ಳವೆ. ಪೊಲೀಸ್ರು ನಿನ್ನ ಎಳಕೊಂಡೋದ್ರೆ ಇವುನ್ನ ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ? ಸುಮ್ಕಿರು."

ಕ್ಯಾತಪ್ಪ ಸುಮ್ಮನಿದ್ದ. ಡ್ರಮ್ಮನ್ನು ಮತ್ತೆ ಮುಚ್ಚಿ ಚಕ್ರ ಹಾಕಿಟ್ಟ. ಒಳಗಿದ್ದುದನ್ನು ಮಾತ್ರ ಒರೆಸಲಿಲ್ಲ. ಯಾಕೆ ಒರೆಸಲಿಲ್ಲ ಎಂದು ಅವನಿಗೂ ಗೊತ್ತಿರಲಿಲ್ಲ.

ಸೀಟಿನ ಕೆಳಗೆ ದಾಕ್ಷಾಯಣಮ್ಮನ ಕನ್ನಡಕ ಸಿಕ್ಕಿತ್ತು. ಒಂದು ಗಾಜೂ ಒಡೆದಿರಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಅದನ್ನು ಕೊಡಲು ಅವರ ಮನೆಗೆ ಹೋದ. ಜಗದಾಂಬ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು, ಬಲಗೈಗೆ ಸಿಮೆಂಟಿನ ಕಟ್ಟು. ಕನ್ನಡಕ ತೆಗೆದುಕೊಂಡು ಸೆರಗಿನಿಂದ ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ತಲೆ ಎತ್ತಿದರು.

"ಕ್ಯಾತಪ್ಪ, ನೀನು ಗಾಡಿ ನೋಡಿದೀಯ. ನಿಜ ಹೇಳು. ನಾನು ಒತ್ತಿದ್ದು ಯಾವುದನ್ನ? ಬ್ರೇಕೇ ಒತ್ತಿದೆ ಅಂತ ನನಗೆ ನೆನಪು. ಕಾಲು ತಳಕ್ಕೆ ಹೋಯ್ತು. ಆದರೆ ಎಲ್ಲರೂ ಅಲ್ಲ ಅಂತಾರೆ. ಈಗ ನನಗೂ ಗೊತ್ತಾಗ್ತಿಲ್ಲ."

ಮಾತಾಡುವಾಗ ಸೀರೆಯ ಅಂಚಿನ ಕೆಳಗೆ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಅವರಿಗೆ ಅದರ ಅರಿವೇ ಇದ್ದಂತಿರಲಿಲ್ಲ.

"ಗೊತ್ತಾಗಾಕಿಲ್ಲ ಅಮ್ಮಾವ್ರೆ" ಎಂದ ಕ್ಯಾತಪ್ಪ.

ಪಕ್ಕದಲ್ಲಿದ್ದ ನಾಗಲಿಂಗಯ್ಯನವರು ಅವನನ್ನು ಬಾಗಿಲವರೆಗೆ ಕಳಿಸಲು ಬಂದರು. "ನಿನ್ನ ತಪ್ಪೇನಿಲ್ಲ ಬಿಡಯ್ಯ. ನೀನು ಮೂರು ಸಲ ನೋಡಿಕೊಟ್ಟಿದ್ದೆ. ಹೆಂಗಸರ ಕೈಗೆ ಸ್ಟೀರಿಂಗ್ ಕೊಟ್ಟದ್ದೇ ತಪ್ಪು. ನಮ್ಮಕ್ಕನ ಹಟ, ಅವಳನ್ನೇ ತಿಂತು" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಕ್ಯಾತಪ್ಪನಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಇನ್ಸ್‌ಪೆಕ್ಟರ ವರದಿಯ ಮೇಲೆ ಜಗದಾಂಬರ ವಿರುದ್ಧ ಕೇಸೂ ಆಯಿತು. ಆಮೇಲಿನ ಎರಡು ತಿಂಗಳು ಕ್ಯಾತಪ್ಪ ಕೆಲಸ ಮಾಡಿದ, ಊಟ ಮಾಡಿದ, ಮಾತಾಡಿದ. ಯಾವುದೂ ಮೈಗೆ ಹತ್ತಲಿಲ್ಲ. ಯಾವ ಗಾಡಿ ಬಂದರೂ ಮೊದಲು ಬ್ರೇಕ್ ನೋಡುತ್ತಿದ್ದ, ಯಾಕಯ್ಯ ಅಂದರೆ ರೇಗುತ್ತಿದ್ದ. ಚಹಾ ಅಂಗಡಿಯಲ್ಲಿ ಕೂತರೆ ಡಾಕ್ಟರಮ್ಮನ ಮಾತೇ. ಕೈಲಾಗದ ಕೆಲಸಕ್ಕೆ ಹೋಗಿ ಒಂದು ಜೀವ ತೆಗೆದಳು ಎನ್ನುವವರು ಕೆಲವರು, ಪಾಪ ಅನ್ನುವವರು ಕೆಲವರು. ತಪ್ಪು ಅವರದೇ ಎಂಬುದರಲ್ಲಿ ಮಾತ್ರ ಒಬ್ಬರಿಗೂ ಅನುಮಾನವಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ನಾಗಲಿಂಗಯ್ಯನವರು ಗ್ಯಾರೇಜಿಗೆ ಬಂದರು. ಕೋರ್ಟಿನ ಕೆಲಸ ಮುಗಿದ ಮೇಲೆ ಕಾರನ್ನು ಗುಜರಿಗೆ ಹಾಕಿಸಬೇಕು, ಯಾರಾದರೂ ಇದ್ದರೆ ನೋಡು ಎಂದರು.

"ಕೇಸು ಮುಗೀತಾ ಅಯ್ನೋರೆ?"

"ಮುಂದಿನ ವಾರ ಮುಗಿಯುತ್ತೆ. ಅತ್ತಿಗೆ ತಪ್ಪು ಒಪ್ಪಿಕೊಂಡುಬಿಡ್ತಾರಂತೆ. ವಕೀಲರು ಬೇಡ ಅಂದರೂ ಕೇಳ್ತಿಲ್ಲ. ಶಿಕ್ಷೆ ಆದರೆ ಆಗಲಿ, ನಮ್ಮಕ್ಕನ್ನ ಕೊಂದವಳು ತಾನೇ ಅಂತ ಕೂತಿದಾರೆ."

ಕ್ಯಾತಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ಉಳಿಯಿತು. ನಾಗಲಿಂಗಯ್ಯನವರು ಹೋದ ಮೇಲೆ ಸೀಮೆಎಣ್ಣೆಯಲ್ಲಿ ಕೈ ತೊಳೆದ, ಸೋಪಿನಲ್ಲಿ ತೊಳೆದ, ಅಂಗಿ ಬದಲಿಸಿದ. ಮನೆಗೆ ಹೋಗಿ ಭೀಮಕ್ಕನಿಗೆ ಹೇಳಲಿಲ್ಲ. ಹೇಳಿದರೆ ಅವಳು ಕಾಲು ಹಿಡಿಯುತ್ತಾಳೆ, ತಾನು ನಿಂತುಬಿಡುತ್ತೇನೆ ಎಂದು ಅವನಿಗೆ ಗೊತ್ತಿತ್ತು. ನೇರವಾಗಿ ಡಾಕ್ಟರ ಮನೆಗೆ ನಡೆದ.

ಜಗದಾಂಬ ಹಿತ್ತಲ ಬಾಗಿಲಲ್ಲಿ ಹೂವು ಬಿಡಿಸುತ್ತಿದ್ದರು. ಅವನು ಅಂಗಳದಲ್ಲೇ ನಿಂತ.

"ನೀವು ಒತ್ತಿದ್ದು ಬ್ರೇಕೇಯ ಅಮ್ಮಾವ್ರೆ."

ಅವರು ತಿರುಗಿದರು.

"ಹಿಂದಿನ ಎಡಗಡೆ ಚಕ್ರದಾಗೆ ಎಣ್ಣೆ ಸೋರ್ತಿತ್ತು. ಆವತ್ತಿನ ಸೋರಿಕೆ ಅಲ್ಲ, ತಿಂಗಳಿಂದ್ಲೂ ಸೋರ್ತಿತ್ತು. ನಾನು ಬಿಚ್ಚಿ ನೋಡ್ದೆ. ಎಲ್ಲಾ ಅಂಗೇ ಮಡಗಿದೀನಿ. ಬ್ರೇಕ್ ಹಿಡೀಲಿಲ್ಲ, ಅದುಕ್ಕೇ ಕಾಲು ತಳಕ್ಕೋಯ್ತು. ನೀವು ಸರಿಯಾಗೇ ಒತ್ತಿದ್ರಿ."

ಒಂದು ಕ್ಷಣ ಅವರ ಮುಖದಲ್ಲಿ ಏನೋ ಬೆಳಗಿದ ಹಾಗಾಯಿತು. ಕ್ಯಾತಪ್ಪ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಉಳಿದದ್ದು ಬಾಯಿಂದ ಬರುವುದಿಲ್ಲ ಎಂದು ಹೆದರಿದ್ದ.

"ಆ ದೀಪ ಅದುಕ್ಕೇ ಹತ್ತತಿತ್ತು. ವೈರು ಲೂಜಾಗಿರ್ಲಿಲ್ಲ. ನಾನೇ ವೈರು ಕಿತ್ತು ಟೇಪು ಸುತ್ತಿದ್ದೆ. ಸುಳ್ಳು ಹೇಳ್ದೆ ನಿಮಗೆ. ಕೆಲ್ಸ ಜಾಸ್ತಿ ಇತ್ತು, ಆಮ್ಯಾಕೆ ನೋಡಾನ ಅಂದ್ಕೊಂಡೆ."

ಜಗದಾಂಬ ಹೂವಿನ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಅದರ ಪಕ್ಕದಲ್ಲಿ ಮೆಲ್ಲಗೆ ಕೂತರು. ಕಟ್ಟು ಬಿಚ್ಚಿದ ಬಲಗೈ ಇನ್ನೂ ಸೊಟ್ಟಗಿತ್ತು.

"ಮೂರು ಸಲ ಬಂದೆ ನಾನು" ಎಂದರು ಕಡೆಗೆ. ಧ್ವನಿ ಏರಿರಲಿಲ್ಲ. "ಮೂರು ಸಲ ಬಂದು ಹೇಳಿದೆ. ಮೂರನೇ ಸಲ ನೀನು ಸರಿಹೋಯ್ತು ಅಂದಾಗ ಎಷ್ಟು ಸಂತೋಷ ಆಯ್ತು ಗೊತ್ತಾ? ದಾರಿಯುದ್ದಕ್ಕೂ ಅತ್ತಿಗೆ ಹತ್ತಿರ ಹೇಳಿಕೊಂಡು ಹೋದೆ, ಕ್ಯಾತಪ್ಪ ಕಂಡುಹಿಡಿದ ನೋಡಿ ಅಂತ. ಅಪಘಾತ ಆದ ದಿನ ಬಲಸಮುದ್ರಕ್ಕೆ ಬರೋಕೆ ಅತ್ತಿಗೆಗೆ ಇಷ್ಟ ಇರಲಿಲ್ಲ. ಮೈ ಸರಿಯಿಲ್ಲ, ನೀನು ಬಸ್ಸಲ್ಲಿ ಹೋಗಿ ಬಾ ಅಂದರು. ಗಾಡಿ ಸರಿಹೋಗಿದೆಯಲ್ಲ, ಬನ್ನಿ ಅಂತ ನಾನೇ ಹೊರಡಿಸಿದೆ."

ಕ್ಯಾತಪ್ಪ ನೆಲ ನೋಡುತ್ತ ನಿಂತಿದ್ದ.

"ಕನ್ನಡಕ ಕೊಡೋಕೆ ಬಂದಾಗ ಕೇಳಿದೆನಲ್ಲ ನಿನ್ನ. ಆಗಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳು ಒಳಗಿನಿಂದ ಸದ್ದಿಲ್ಲದೆ ಬಂತು, ಭುಜಗಳು ಮಾತ್ರ ಅಲುಗುತ್ತಿದ್ದವು. ಅವನು ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಅಳು ನಿಂತ ಮೇಲೆ ಅವರು ಮುಖ ಒರೆಸಿಕೊಂಡು, "ಇದನ್ನೇ ಕೋರ್ಟಿನಲ್ಲಿ ಹೇಳ್ತೀಯಾ?" ಎಂದರು.

"ಹೇಳ್ತೀನಿ ಅಮ್ಮಾವ್ರೆ."

ಹೇಳಿದ. ಮಧುಗಿರಿ ಕೋರ್ಟಿನ ಕಟಕಟೆಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, ವೈರು ಕಿತ್ತವನು ನಾನೇ ಎಂದು ಹೇಳಿದ. ಡ್ರಮ್ಮು ಮತ್ತೆ ಬಿಚ್ಚಿಸಿ ನೋಡಿದರು. ಮಾಮೂಲಿನ ಹಾಗೆ ಎರಡು ಮೂರು ಸಲ ತಾರೀಕು ಮುಂದೆ ಹೋಗಿ, ಕಡೆಗೆ ಜಗದಾಂಬರ ಮೇಲಿನ ಆರೋಪವನ್ನು ವಜಾ ಮಾಡಿದರು. ತೀರ್ಪಿನ ದಿನ ನಾಗಲಿಂಗಯ್ಯನವರು ಕೋರ್ಟಿನ ಮೆಟ್ಟಿಲ ಮೇಲೆ ಅತ್ತಿಗೆಯ ಎದುರು ನಿಂತು ಕೈ ಮುಗಿದುಬಿಟ್ಟರು. ಆರಿಸಿಬಿಡಯ್ಯ ಎಂದು ತಾವೇ ಹೇಳಿದ್ದು ಅವರಿಗೂ ನೆನಪಿತ್ತು.

ಕ್ಯಾತಪ್ಪ ದೂರದಲ್ಲಿ ನಿಂತಿದ್ದ. ಜಗದಾಂಬ ತಾವಾಗಿಯೇ ಅವನ ಹತ್ತಿರ ಬಂದರು.

"ನೀನು ಹೇಳದೇ ಇದ್ದಿದ್ದರೆ ಸಾಯೋವರೆಗೂ ನಾನೇ ಕೊಂದೆ ಅಂದುಕೊಂಡಿರ್ತಿದ್ದೆ. ಅದೊಂದು ಭಾರ ಇಳಿಸಿದೆ. ಆದರೆ ನಿನ್ನ ಮುಖ ನೋಡಿದರೆ ಅತ್ತಿಗೆ ಕಿಟಕಿಯಿಂದ ತಲೆ ಹೊರಹಾಕಿ ನಿನಗೆ ಪುಣ್ಯ ಬರಲಿ ಅಂದದ್ದು ನೆನಪಾಗುತ್ತೆ. ನನ್ನ ಮುಂದೆ ಬರಬೇಡ ಕ್ಯಾತಪ್ಪ. ಸಿಟ್ಟಿನಿಂದ ಹೇಳ್ತಿಲ್ಲ. ನನ್ನ ಕೈಲಾಗೋದಿಲ್ಲ."

ಪೊಲೀಸರು ಅವನನ್ನು ಒಂದು ದಿನ ಕೂರಿಸಿಕೊಂಡು ಬೈದು ಕಳಿಸಿದರು. ಶಿಕ್ಷೆ ಅಂತ ಏನೂ ಆಗಲಿಲ್ಲ. ಆದರೆ ವೈರು ಕಿತ್ತ ಮೆಕ್ಯಾನಿಕ್ಕಿನ ಹತ್ತಿರ ಯಾರು ಗಾಡಿ ತರುತ್ತಾರೆ? ಲಾರಿಯವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಆ ವರ್ಷ ಮುಗಿಯುವುದರೊಳಗೆ ಕ್ಯಾತಪ್ಪ ತಗಡು ಬಿಚ್ಚಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಸಿರಾಕ್ಕೆ ಹೋದ. ತಾನು ಕೆಲಸ ಕಲಿತ ಸಾಹೇಬರು ತೀರಿಕೊಂಡಿದ್ದರು. ಅವರ ಮಗನ ಕೈಕೆಳಗೆ ಕೂಲಿಗೆ ಸೇರಿಕೊಂಡ. ಭೀಮಕ್ಕ ಬೀಡಿ ಕಟ್ಟಲು ಶುರುಮಾಡಿದಳು. ಆವತ್ತು ಯಾಕೆ ನನ್ನ ಮಾತು ಮೀರಿದೆ ಎಂದು ಅವಳು ಒಂದು ಸಲವೂ ಕೇಳಲಿಲ್ಲ. ಡಾಕ್ಟರಮ್ಮನ ಹೆಸರನ್ನೂ ಎತ್ತಲಿಲ್ಲ.

ಎಂಬತ್ತೊಂಬತ್ತರ ಬೇಸಿಗೆ. ಯಾವುದೋ ಲಾರಿಗೆ ಸಾಮಾನು ತರಲು ಹೋಗಿದ್ದ ಕ್ಯಾತಪ್ಪ ಸಿರಾ ಬಸ್ ನಿಲ್ದಾಣದ ಅಡ್ಡದಾರಿಯಲ್ಲಿ ಬರುತ್ತಿದ್ದ. ಬರಗೂರಿನ ಬಸ್ಸಿನಿಂದ ಇಳಿದ ಜನರ ನಡುವೆ ಜಗದಾಂಬ ಕಂಡರು. ಕೂದಲು ಪೂರ್ತಿ ನೆರೆತಿತ್ತು. ಕೈಯಲ್ಲಿ ಒಂದು ಚೀಲ, ಒಬ್ಬರೇ. ಅವನು ಚಕ್ಕನೆ ಕಂಬದ ಮರೆಗೆ ಸರಿದ. ಅವರು ಮಧುಗಿರಿ ಬಸ್ಸಿನ ಕಡೆ ನಡೆದವರು ಮೆಟ್ಟಿಲಿನ ಮೇಲೆ ಕಾಲಿಟ್ಟು ನಿಂತರು. ಹಿಂದಿರುಗಿ ಅವನಿದ್ದ ಕಡೆಗೆ ಬಂದರು.

"ಭೀಮಕ್ಕ ಹೇಗಿದಾಳೆ?" ಎಂದರು.

ಅವನು ಕಂಬದ ಮರೆಯಿಂದ ಈಚೆ ಬಂದ. "ಚೆನ್ನಾಗವ್ಳೆ ಅಮ್ಮಾವ್ರೆ."

"ಮಕ್ಕಳು?"

"ಅವೂ ಚೆನ್ನಾಗವೆ."

ಅವರು ತಲೆಯಾಡಿಸಿದರು. ಚೀಲ ಸರಿಮಾಡಿಕೊಂಡು ಹೋಗಿ ಬಸ್ಸು ಹತ್ತಿದರು. ಆಚೆ ಕಡೆಯ ಕಿಟಕಿಯ ಪಕ್ಕ ಕೂತಿದ್ದರಿಂದ ಬಸ್ಸು ಹೊರಡುವಾಗ ಅವರ ಮುಖ ಕಾಣಲಿಲ್ಲ.

ಸಂಜೆ ಮನೆಗೆ ಬಂದಾಗ ಭೀಮಕ್ಕ ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ಕ್ಯಾತಪ್ಪ ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದ.

"ನನ್ನ ಕೇಳಿದ್ರಾ?" ಎಂದಳು ಅವಳು. "ನನ್ನ ಹೆಸ್ರಿಡಿದು ಕೇಳಿದ್ರಾ?"

"ಊಂ."

"ನೀನೇನಂದೆ?"

"ಚೆನ್ನಾಗವ್ಳೆ ಅಂದೆ."

ಭೀಮಕ್ಕ ಬೆರಳ ನಡುವಿನ ಎಲೆಯನ್ನು ಸುತ್ತಲು ಹೋದಳು. ಅದು ಹರಿಯಿತು. ಇನ್ನೊಂದು ತೆಗೆದುಕೊಳ್ಳದೆ, ಸೆರಗನ್ನು ಕಣ್ಣಿಗೊತ್ತಿಕೊಂಡು ಹಾಗೇ ಕೂತಳು.